ನೆಮ್ಮದಿ ಸಮೀಕ್ಷೆ: ಕೇಳುವ ಬಗೆ ಮೊದಲು ಸರಿಯಾಗಲಿ

ಸಂಪಾದಕರಿಗೆ,

ಮಾನ್ಯರೇ,

ಪ್ರತಿ ವರ್ಷ ಮಾರ್ಚ್ 20ರ ಆಸುಪಾಸಿನಲ್ಲಿ ಎಲ್ಲ ಪತ್ರಿಕೆಗಳಲ್ಲೂ ಒಂದು ಸುದ್ದಿ ತಪ್ಪದೆ ಬರುತ್ತದೆ: ವಿಶ್ವ ಸಂತೋಷ ವರದಿಯಲ್ಲಿ ಭಾರತಕ್ಕೆ ಇಷ್ಟನೇ ಸ್ಥಾನ. 2025ರ ವರದಿಯಲ್ಲಿ 147 ದೇಶಗಳ ಪೈಕಿ 118, ಅದರ ಹಿಂದಿನ ವರ್ಷ 143ರಲ್ಲಿ 126. ಜೊತೆಗೊಂದು ವಿವರಣೆಯೂ ಇರುತ್ತದೆ. ತಲಾ ಆದಾಯ, ಆರೋಗ್ಯವಂತ ಆಯುಷ್ಯ, ಕಷ್ಟಕ್ಕೆ ಆಗುವವರು, ಸ್ವಾತಂತ್ರ್ಯ, ದಾನಬುದ್ಧಿ, ಭ್ರಷ್ಟಾಚಾರ, ಈ ಆರನ್ನೂ ಕೂಡಿಸಿ ಅಂಕ ಕೊಡುತ್ತಾರೆ ಎಂದು. ಆ ವಿವರಣೆ ತಪ್ಪು. ಅಂಕ ಬರುವುದು ಒಂದೇ ಪ್ರಶ್ನೆಯಿಂದ. ಕೆಳಗಿನ ಮೆಟ್ಟಿಲು 0, ಮೇಲಿನದು 10 ಇರುವ ಏಣಿಯೊಂದನ್ನು ಊಹಿಸಿಕೊಳ್ಳಿ, ನಿಮ್ಮ ಪಾಲಿಗೆ ಅತ್ಯುತ್ತಮ ಎನ್ನಬಹುದಾದ ಬದುಕು ತುದಿಯಲ್ಲಿ, ಅತ್ಯಂತ ಕೆಟ್ಟದ್ದು ಬುಡದಲ್ಲಿ, ಈಗ ನೀವು ಎಷ್ಟನೇ ಮೆಟ್ಟಿಲ ಮೇಲಿದ್ದೀರಿ ಎಂದು ಕೇಳುತ್ತಾರೆ. ಅಮೆರಿಕದ ಮನೋವಿಜ್ಞಾನಿ ಹ್ಯಾಡ್ಲಿ ಕ್ಯಾಂಟ್ರಿಲ್ 1965ರಲ್ಲಿ ಕೊಟ್ಟ ಪ್ರಶ್ನೆ ಇದು. ಜನಾಭಿಪ್ರಾಯ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆ ಸಾಮಾನ್ಯವಾಗಿ ದೇಶವೊಂದರಲ್ಲಿ ವರ್ಷಕ್ಕೆ ಸುಮಾರು 1,000 ಜನರನ್ನು, ದೊಡ್ಡ ದೇಶಗಳಲ್ಲಿ ಇನ್ನೂ ಕೊಂಚ ಹೆಚ್ಚು ಜನರನ್ನು ಇದನ್ನು ಕೇಳುತ್ತದೆ. ಮೂರು ವರ್ಷಗಳ ಸರಾಸರಿಯೇ ಆ ದೇಶದ ಅಂಕ. ಆರು ಅಂಶಗಳು ಬರುವುದು ಆಮೇಲೆ, ದೇಶದಿಂದ ದೇಶಕ್ಕೆ ಅಂಕ ಯಾಕೆ ಬೇರೆಯಾಗುತ್ತದೆ ಎಂದು ವಿವರಿಸುವುದಕ್ಕೆ. ಅಂಕಕ್ಕೂ ಅವಕ್ಕೂ ಕೂಡು ಲೆಕ್ಕದ ಸಂಬಂಧವಿಲ್ಲ.

ಇಷ್ಟು ಹೇಳಲು ಕಾರಣವಿದೆ. ಈ ಸುದ್ದಿ ನೋಡಿ ನಮ್ಮ ಜಿಲ್ಲೆಗೂ ಒಂದು ಸಂತೋಷ ಸೂಚ್ಯಂಕ ಬೇಕು ಎಂಬ ಹುರುಪು ಹುಟ್ಟುತ್ತದೆ. ಕಾಲೇಜಿನ ಪ್ರಾಜೆಕ್ಟಿಗೋ, ಎನ್‌ಎಸ್‌ಎಸ್ ಶಿಬಿರಕ್ಕೋ, ಸಂಘಸಂಸ್ಥೆಯ ವಾರ್ಷಿಕ ವರದಿಗೋ ಯಾರೋ ಒಂದು ಗೂಗಲ್ ಫಾರ್ಮ್ ಮಾಡುತ್ತಾರೆ, ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಿಡುತ್ತಾರೆ, ವಾರದೊಳಗೆ ಶೇಕಡಾವಾರು ಲೆಕ್ಕ ತಯಾರು. ಉತ್ತರ ಕೊಟ್ಟವರು ಯಾರು, ಎಷ್ಟು ಜನರಿಗೆ ಕಳಿಸಿದ್ದಕ್ಕೆ ಎಷ್ಟು ಜನ ಕೊಟ್ಟರು, ಒಬ್ಬರೇ ಎರಡು ಸಲ ಒತ್ತಿದರೇ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಬದುಕಿನ ತೃಪ್ತಿಯನ್ನೂ ಸಾರ್ಥಕತೆಯನ್ನೂ ಅಳೆಯಲು ಬರುವುದೇ ಇಲ್ಲ ಎಂದು ಮೂಗು ಮುರಿಯುವವರ ಪಕ್ಷ ನಮ್ಮದಲ್ಲ. ಅಳೆಯಬಹುದು. ನಲವತ್ತು ವರ್ಷಗಳಿಂದ ಚೆನ್ನಾಗಿಯೇ ಅಳೆಯುತ್ತಿದ್ದಾರೆ. ಆದರೆ ಅದಕ್ಕೊಂದು ಕ್ರಮವಿದೆ. ಆ ಕ್ರಮ ಬಿಟ್ಟರೆ ಬರುವ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಕೋಲಾರ ಜಿಲ್ಲೆಯಂಥ ಕಡೆ ಅದು ಹೇಗೆ ಕೆಡುತ್ತದೆ, ಹೇಗೆ ಸರಿ ಮಾಡಬಹುದು ಎಂದು ಬಿಡಿಸಿ ಹೇಳುವುದಷ್ಟೇ ಈ ಪತ್ರದ ಉದ್ದೇಶ.

ಮೊದಲ ಮಾತು: ತೃಪ್ತಿ ಬೇರೆ, ಸಾರ್ಥಕತೆ ಬೇರೆ. ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುವ ಯುವಕ ತೃಪ್ತಿಗೆ 8 ಕೊಟ್ಟು, ಮಾಡುತ್ತಿರುವ ಕೆಲಸಕ್ಕೆ ಬೆಲೆಯಿದೆಯೇ ಎಂದರೆ 4 ಕೊಡಬಹುದು. ಕೈಕಾಲು ಬಾರದ ಮಗನನ್ನು ನೋಡಿಕೊಳ್ಳುವ ತಾಯಿ ತೃಪ್ತಿಗೆ 3, ಸಾರ್ಥಕತೆಗೆ 9 ಕೊಡಬಹುದು. ಎರಡನ್ನೂ ಸೇರಿಸಿ ‘ನೆಮ್ಮದಿ ಅಂಕ 6’ ಎಂದು ಬರೆದರೆ ಇಬ್ಬರೂ ಒಂದೇ ಆಗಿಬಿಟ್ಟರು, ಇಬ್ಬರ ವಿಷಯವೂ ತಿಳಿಯಲಿಲ್ಲ. ಇದು ಬರೀ ತರ್ಕವಲ್ಲ. ಮನೋವಿಜ್ಞಾನಿಗಳಾದ ಶಿಗೆಹಿರೊ ಒಯಿಶಿ ಮತ್ತು ಎಡ್ ಡೀನರ್ 132 ದೇಶಗಳ ಗ್ಯಾಲಪ್ ಮಾಹಿತಿ ಇಟ್ಟುಕೊಂಡು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬದುಕಿನ ತೃಪ್ತಿ ಶ್ರೀಮಂತ ದೇಶಗಳಲ್ಲಿ ಹೆಚ್ಚಿತ್ತು, ಬದುಕಿಗೆ ಅರ್ಥವಿದೆ ಎನ್ನುವವರ ಪ್ರಮಾಣ ಬಡ ದೇಶಗಳಲ್ಲಿ ಹೆಚ್ಚಿತ್ತು. ಅದಕ್ಕೆ ದೈವಭಕ್ತಿ, ಧಾರ್ಮಿಕ ನಂಬಿಕೆ ದೊಡ್ಡ ಕಾರಣ ಎಂದು ಅವರೇ ತೋರಿಸಿದರು. ಎರಡೂ ಒಂದೇ ದಿಕ್ಕಿಗೆ ಓಡುವುದಿಲ್ಲ ಎಂದ ಮೇಲೆ ಕೂಡಿಸುವ ಮಾತೇ ಇಲ್ಲ.

ತೃಪ್ತಿಗೆ ಹೆಚ್ಚು ಬಳಕೆಯಲ್ಲಿರುವುದು ಡೀನರ್ ಮತ್ತು ಸಂಗಡಿಗರು 1985ರಲ್ಲಿ ಕೊಟ್ಟ ಐದು ಹೇಳಿಕೆಗಳ ಮಾಪಕ. ಪ್ರತಿ ಹೇಳಿಕೆಗೂ ‘ಸ್ವಲ್ಪವೂ ಒಪ್ಪುವುದಿಲ್ಲ’ಕ್ಕೆ 1, ‘ಪೂರ್ತಿ ಒಪ್ಪುತ್ತೇನೆ’ಗೆ 7. ಕೂಡಿದರೆ ಕನಿಷ್ಠ 5, ಗರಿಷ್ಠ 35. 20 ಬಂದರೆ ನಟ್ಟನಡುವೆ. 21ರಿಂದ 25 ಅಲ್ಪಸ್ವಲ್ಪ ತೃಪ್ತಿ, 26ರಿಂದ 30 ತೃಪ್ತಿ, 31ರಿಂದ 35 ತುಂಬಾ ತೃಪ್ತಿ. ಇತ್ತ 15ರಿಂದ 19 ಕೊಂಚ ಅತೃಪ್ತಿ, 10ರಿಂದ 14 ಅತೃಪ್ತಿ, 5ರಿಂದ 9 ತೀವ್ರ ಅತೃಪ್ತಿ. ಇದನ್ನು ಬಳಸಲು ಯಾರಿಗೂ ದುಡ್ಡು ಕೊಡಬೇಕಿಲ್ಲ. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2017–18ರಲ್ಲಿ 45 ವರ್ಷ ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಭಾರತೀಯರನ್ನು ಮಾತನಾಡಿಸಿದ ‘ಲಾಸಿ’ ಸಮೀಕ್ಷೆಯಲ್ಲೂ ಈ ಬಗೆಯ ಹೇಳಿಕೆಗಳಿದ್ದವು. ಅಂದರೆ ಹಳ್ಳಿಯ ಹಿರಿಯರ ಮುಂದೆ ಇಟ್ಟು ನೋಡಿದ ಪ್ರಶ್ನೆಗಳು ದೇಶದಲ್ಲಿ ಈಗಾಗಲೇ ಇವೆ. ಪ್ರತಿ ಕಾಲೇಜೂ ತನ್ನದೇ ಪ್ರಶ್ನೆ ಹೊಸೆಯುವುದು ಯಾಕೆಂದು ಅರ್ಥವಾಗುವುದಿಲ್ಲ. ಐದರಲ್ಲಿ ತೊಂದರೆ ಕೊಡುವುದು ಕೊನೆಯದು: ಬದುಕನ್ನು ಮತ್ತೆ ಮೊದಲಿನಿಂದ ಬಾಳುವ ಅವಕಾಶ ಸಿಕ್ಕರೂ ಹೆಚ್ಚೇನೂ ಬದಲಾಯಿಸುವುದಿಲ್ಲ ಎಂಬ ಅರ್ಥದ್ದು. ವಯಸ್ಸಾದವರು ಇದನ್ನು ಮುಂದಿನ ಜನ್ಮದ ಮಾತು ಎಂದುಕೊಳ್ಳುತ್ತಾರೆ. ‘ಇನ್ನೊಂದು ಜನ್ಮ ಯಾರಿಗೆ ಬೇಕು ಬುಡಪ್ಪ’ ಎಂಬ ಉತ್ತರಕ್ಕೆ 1 ಹಾಕುವುದೋ 7 ಹಾಕುವುದೋ? ‘ಈ ಜನ್ಮದಲ್ಲೇ, ಹಿಂದಕ್ಕೆ ಹೋಗಿ, ಚಿಕ್ಕಂದಿನಿಂದ’ ಎಂದು ಮೂರು ಮಾತು ಸೇರಿಸಿ, ಎಲ್ಲ ಸಮೀಕ್ಷಕರೂ ಅದನ್ನೇ ಓದುವಂತೆ ಅಚ್ಚು ಹಾಕಿಸಬೇಕು.

ಸಾರ್ಥಕತೆಗೆ ಮನೋವಿಜ್ಞಾನಿ ಮೈಕಲ್ ಸ್ಟೆಗರ್ ಮತ್ತು ಸಂಗಡಿಗರು 2006ರಲ್ಲಿ ಕೊಟ್ಟ ಹತ್ತು ಹೇಳಿಕೆಗಳ ಮಾಪಕವಿದೆ. ಅಂಕ ಹಾಕುವಾಗ ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ. 1, 4, 5, 6, 9ನೇ ಹೇಳಿಕೆಗಳು ಬದುಕಿನಲ್ಲಿ ಅರ್ಥ ಇದೆಯೇ ಎಂದು ಕೇಳುತ್ತವೆ. 2, 3, 7, 8, 10 ಅರ್ಥವನ್ನು ಹುಡುಕುತ್ತಿದ್ದೀರಾ ಎಂದು. ಇದೂ 1ರಿಂದ 7. ಒಂಬತ್ತನೆಯದು ತಿರುಗುಮುರುಗು ಹೇಳಿಕೆ, ಬದುಕಿಗೆ ಸ್ಪಷ್ಟ ಗುರಿಯಿಲ್ಲ ಎನ್ನುವಂಥದ್ದು. ಹಾಗಾಗಿ ಬಂದ ಅಂಕವನ್ನು 8ರಿಂದ ಕಳೆದು ಬರೆದುಕೊಳ್ಳಬೇಕು. ಒಬ್ಬ ಗೃಹಿಣಿ 1, 4, 5, 6ಕ್ಕೆ ಕ್ರಮವಾಗಿ 6, 6, 5, 7 ಕೊಟ್ಟು 9ಕ್ಕೆ 2 ಕೊಟ್ಟರು ಎನ್ನೋಣ. 8ರಲ್ಲಿ 2 ಕಳೆದರೆ 6. ಒಟ್ಟು 30. ತಿರುಗಿಸದೆ ಕೂಡಿದರೆ 26. ನಾಲ್ಕು ಅಂಕ ಸುಮ್ಮನೆ ಹೋಯಿತು. ಇದಕ್ಕಿಂತ ದೊಡ್ಡ ತಪ್ಪೆಂದರೆ ಹತ್ತನ್ನೂ ಒಟ್ಟಿಗೆ ಕೂಡುವುದು. ಅದೇ ಗೃಹಿಣಿಗೆ ಹುಡುಕಾಟದಲ್ಲಿ 10 ಬಂದಿದ್ದರೆ ಕೂಡಿದ ಮೊತ್ತ 40. ದಿಕ್ಕು ತೋಚದೆ ಅಲೆಯುತ್ತಿರುವ ಪದವೀಧರನಿಗೆ ಅರ್ಥದಲ್ಲಿ 16, ಹುಡುಕಾಟದಲ್ಲಿ 32 ಬಂದರೆ 48. ಬದುಕಿನ ಅರ್ಥ ಯಾರಿಗೆ ಹೆಚ್ಚು ಸಿಕ್ಕಿದೆ ಎಂದರೆ ಕಂಗಾಲಾಗಿರುವ ಹುಡುಗನಿಗೆ ಎಂದಾಯಿತು! ಹುಡುಕಾಟ ಒಳ್ಳೆಯದೋ ಕೆಟ್ಟದ್ದೋ ಎಂದು ಮೊದಲೇ ತೀರ್ಮಾನಿಸುವುದೂ ಬೇಡ. ಅಮೆರಿಕದಲ್ಲಿ ಅರ್ಥ ಹೆಚ್ಚಿದ್ದವರು ಹುಡುಕುವುದು ಕಡಿಮೆ. ಜಪಾನಿನಲ್ಲಿ ಎರಡೂ ಒಟ್ಟೊಟ್ಟಿಗೆ ಹೋಗುತ್ತವೆ ಎಂದು ಸ್ಟೆಗರ್ ಅವರೇ 2008ರಲ್ಲಿ ಪ್ರಕಟಿಸಿದರು. ಎರಡು ಅಂಕ, ಎರಡು ಕಾಲಂ. ಅಷ್ಟೇ.

ಹದಿನೈದು ಹೇಳಿಕೆ ಕೇಳಲು ಪುರಸೊತ್ತಿಲ್ಲದ ಗ್ರಾಮ ಪಂಚಾಯಿತಿಗಳಿಗೆ ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿ 2011ರಿಂದ ಕೇಳುತ್ತಿರುವ ನಾಲ್ಕು ಪ್ರಶ್ನೆ ಸಾಕು. ಬದುಕು ಎಷ್ಟು ತೃಪ್ತಿ ಕೊಟ್ಟಿದೆ, ನೀವು ಮಾಡುವ ಕೆಲಸಗಳು ಎಷ್ಟು ಸಾರ್ಥಕ, ನಿನ್ನೆ ಎಷ್ಟು ಸಂತೋಷವಾಗಿದ್ದಿರಿ, ನಿನ್ನೆ ಎಷ್ಟು ಆತಂಕವಿತ್ತು. ನಾಲ್ಕಕ್ಕೂ 0ರಿಂದ 10. ನಾಲ್ಕನ್ನೂ ಕೂಡಿಸದೆ ಬೇರೆ ಬೇರೆಯಾಗಿಯೇ ಅಚ್ಚು ಮಾಡುತ್ತಾರೆ. ಏಣಿಯ ಪ್ರಶ್ನೆಗಿಂತ ಇವೇ ವಾಸಿ ಎನ್ನುವುದು ನಮ್ಮ ಅಭಿಪ್ರಾಯ. ಏಣಿ ಎಂದ ಕೂಡಲೇ ಜನ ದುಡ್ಡು, ಅಧಿಕಾರ, ಯಾರು ಮೇಲೆ ಯಾರು ಕೆಳಗೆ ಎಂದು ಯೋಚಿಸುತ್ತಾರೆ ಎಂದು 2024ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ಏಣಿಯ ಮಾತು ತೆಗೆದು ಕೇಳಿದಾಗ ಅದು ಕಡಿಮೆಯಾಯಿತು. ಅದರ ಮೇಲೆ, ಅವಸರದಲ್ಲಿರುವ ಸಮೀಕ್ಷಕರು ‘ನಿಮ್ಮ ಪಾಲಿಗೆ’ ಎಂಬ ಮಾತನ್ನು ನುಂಗಿಬಿಡುತ್ತಾರೆ. ಆಗ ಕೇಳಿಸಿಕೊಂಡವರು ತಮ್ಮನ್ನು ಊರ ಗೌಡರ ಜೊತೆ ಹೋಲಿಸಿಕೊಂಡು ಉತ್ತರ ಕೊಡುತ್ತಾರೆ.

ಇನ್ನು ಪ್ರಶ್ನೆ ಊರಿಗೆ ಹೋದಾಗ ಆಗುವುದನ್ನು ನೋಡೋಣ. ಮುಳಬಾಗಿಲು, ಶ್ರೀನಿವಾಸಪುರದ ಬಹಳ ಹಳ್ಳಿಗಳಲ್ಲಿ ಮನೆ ಮಾತು ತೆಲುಗು. ಕೆಜಿಎಫ್‌ನಲ್ಲಿ ತಮಿಳು. ಕೋಲಾರ ಪಟ್ಟಣದ ಎಷ್ಟೋ ಬೀದಿಗಳಲ್ಲಿ ಉರ್ದು. ಪ್ರಶ್ನಾವಳಿ ಕನ್ನಡದಲ್ಲಿ ಮಾತ್ರ ಇದ್ದರೆ ಸಮೀಕ್ಷಕರು ಜಗಲಿಯ ಮೇಲೆ ಕೂತು ಅಲ್ಲಲ್ಲೇ ತರ್ಜುಮೆ ಮಾಡುತ್ತಾರೆ. ಹತ್ತು ಜನ ಸಮೀಕ್ಷಕರಿದ್ದರೆ ಹತ್ತು ಬಗೆಯ ಪ್ರಶ್ನೆ. ನಾಲ್ಕು ಭಾಷೆಯಲ್ಲೂ ಮೊದಲೇ ಬರೆಸಿ, ಮೂಲ ನೋಡಿರದ ಇನ್ನೊಬ್ಬರಿಂದ ಹಿಂದಕ್ಕೆ ತರ್ಜುಮೆ ಮಾಡಿಸಿ, ತಾಳೆ ನೋಡಬೇಕು. ಆಮೇಲೆ ಪ್ರತಿ ಭಾಷೆಯಲ್ಲೂ ಎಂಟು ಹತ್ತು ಜನರ ಮುಂದೆ ಓದಿ, ‘ನಾನು ಏನು ಕೇಳಿದೆ, ನಿಮ್ಮ ಮಾತಿನಲ್ಲಿ ಹೇಳಿ ಅಕ್ಕಾ’ ಎಂದು ಕೇಳಬೇಕು. ಅವರು ಬೇರೇನನ್ನೋ ಹೇಳಿದರೆ ತಪ್ಪು ಪ್ರಶ್ನೆಯದು, ಅವರದಲ್ಲ. ಈ ಮೆಟ್ಟಿಲು ಹಾರಿ ಬಂದ ವರದಿಯಲ್ಲಿ ‘ಕೆಜಿಎಫ್‌ನವರಿಗಿಂತ ಮುಳಬಾಗಿಲಿನವರು ಸುಖಿಗಳು’ ಎಂದು ಬರೆದಿದ್ದರೆ ಅದು ಜನರ ವ್ಯತ್ಯಾಸವೋ ಎರಡು ತರ್ಜುಮೆಗಳ ವ್ಯತ್ಯಾಸವೋ ದೇವರೇ ಬಲ್ಲ.

ಅಂಕಿಗಳ ಅಳತೆಯೇ ರೂಢಿಯಿಲ್ಲದವರಿಗೆ 0ರಿಂದ 10 ಎಂದರೆ ಹೊಳೆಯುವುದಿಲ್ಲ. ಅದಕ್ಕೆ ಹತ್ತು ಹುಣಸೆ ಬೀಜ, ಒಂದು ಸ್ಟೀಲ್ ತಟ್ಟೆ ಸಾಕು. ಹತ್ತೂ ಬೀಜ ತಟ್ಟೆಗೆ ಹಾಕಿದರೆ ಪೂರಾ ತೃಪ್ತಿ, ಒಂದೂ ಹಾಕದಿದ್ದರೆ ಸ್ವಲ್ಪವೂ ಇಲ್ಲ. ನಿಜವಾದ ಪ್ರಶ್ನೆಗೆ ಮುಂಚೆ ಎರಡು ಸಲ ಕೈ ಪಳಗಿಸಿ: ಮುದ್ದೆ ಸಾರು ನಿಮಗೆಷ್ಟು ಇಷ್ಟ, ಹಾಗಲಕಾಯಿ ಪಲ್ಯ ಎಷ್ಟು ಇಷ್ಟ ಎಂದು ಕೇಳಿ ಬೀಜ ಹಾಕಿಸಿ. ಎರಡಕ್ಕೂ ಐದೈದೇ ಹಾಕಿದರೆ ‘ಎರಡೂ ಒಂದೇನಾ ತಾಯಿ’ ಎಂದು ಕೇಳಿ. ನಿಜಕ್ಕೂ ಒಂದೇ ಆಗಿರಬಹುದು, ವಿಧಾನ ತಿಳಿಯದೆಯೂ ಇರಬಹುದು. ತಿಳಿದಿಲ್ಲ ಎಂದಾದರೆ ಇನ್ನೊಮ್ಮೆ ತೋರಿಸಿ. 1ರಿಂದ 7ರ ಹೇಳಿಕೆಗಳನ್ನು ಎರಡು ಹೆಜ್ಜೆಯಲ್ಲಿ ಕೇಳುವುದು ಸುಲಭ: ಒಪ್ಪುತ್ತೀರೋ, ಇಲ್ಲವೋ, ಎರಡೂ ಅಲ್ಲವೋ. ಒಪ್ಪುವುದಾದರೆ ಸ್ವಲ್ಪವೋ, ಸುಮಾರಾಗಿಯೋ, ಪೂರ್ತಿಯೋ. ಒಪ್ಪದಿದ್ದರೂ ಹಾಗೆಯೇ ಮೂರು. ಮಧ್ಯದ 4 ಸೇರಿ ಏಳಾಯಿತು.

ಆದರೂ ನಮ್ಮ ಕಡೆ ಮೊದಲು ಸಿಗುವ ಉತ್ತರ ‘ಏನೋ ದ್ಯಾವ್ರು ಇಟ್ಟಂಗೆ ಇದೀವಿ’, ಇಲ್ಲವೇ ‘ಎಂಗೋ ನಡೀತೈತೆ ಬುಡಿ ಸಾರ್’. ಇದು ಮರ್ಯಾದೆಯ ಮಾತು, ಅಳತೆಯಲ್ಲ. ಸಮೀಕ್ಷಕರಲ್ಲಿ ಹೆಚ್ಚಿನವರು ಇದನ್ನು ಕೇಳಿ ತಾವೇ 5 ಬರೆದುಕೊಳ್ಳುತ್ತಾರೆ. ಫಾರ್ಮುಗಳಲ್ಲಿ 5 ರಾಶಿ ಬಿದ್ದಿರುವುದಕ್ಕೆ ಇದೂ ಒಂದು ಕಾರಣ. ಮಾಡಬೇಕಾದ್ದು: ಪ್ರಶ್ನೆಯನ್ನು ಅದೇ ಮಾತುಗಳಲ್ಲಿ ಇನ್ನೊಮ್ಮೆ ಓದಿ, ಬೀಜ ಮುಂದಿಟ್ಟು ಸುಮ್ಮನೆ ಕಾಯುವುದು. ‘ಅಂದ್ರೆ ಆರೋ ಏಳೋ ಹಾಕ್ಲಾ?’ ಎಂದು ಸಹಾಯ ಮಾಡಿದರೆ ಕೆಟ್ಟಿತು. ಎರಡನೇ ಸಲವೂ ಅದೇ ಮಾತು ಬಂದರೆ ‘ಉತ್ತರ ಸಿಗಲಿಲ್ಲ’ ಎಂದು ಬರೆದು ಮುಂದೆ ಹೋಗಬೇಕು. ಹೂಂಗುಟ್ಟುವ ಚಾಳಿಯನ್ನು ಹಿಡಿಯಲು ಮೇಲೆ ಹೇಳಿದ ಒಂಬತ್ತನೇ ಹೇಳಿಕೆ ಒಳ್ಳೆಯ ಸಾಧನ. ಗುರಿ ಸ್ಪಷ್ಟವಾಗಿದೆ ಎಂಬುದಕ್ಕೂ 7, ಗುರಿಯೇ ಇಲ್ಲ ಎಂಬುದಕ್ಕೂ 7 ಕೊಟ್ಟವರು ಪ್ರಶ್ನೆ ಕೇಳಿಸಿಕೊಂಡಿಲ್ಲ. ಯಾವ ಸಮೀಕ್ಷಕರ ಫಾರ್ಮುಗಳಲ್ಲಿ ಇಂಥವು ಹೆಚ್ಚಿವೆ ಎಂದು ಎಣಿಸಿದರೆ ಯಾರು ಮನೆಗೆ ಹೋಗದೆ ತುಂಬಿದ್ದಾರೆ ಎಂಬುದೂ ಹಲವೊಮ್ಮೆ ಗೊತ್ತಾಗುತ್ತದೆ.

ಪ್ರಶ್ನೆಗಳ ಸರದಿಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಅದರಿಂದಾಗುವ ಹಾನಿ ಮಾತ್ರ ದೊಡ್ಡದು. ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಅಮೆರಿಕದ ಗ್ಯಾಲಪ್ ದೈನಂದಿನ ಸಮೀಕ್ಷೆಯನ್ನು ಪರಿಶೀಲಿಸಿದಾಗ, ಏಣಿಯ ಪ್ರಶ್ನೆಗೆ ಮುಂಚೆ ರಾಜಕೀಯದ ಪ್ರಶ್ನೆ ಕೇಳಿದ್ದಷ್ಟಕ್ಕೇ ಅಂಕ ಸುಮಾರು 0.6ರಷ್ಟು ಇಳಿದಿತ್ತು. ಕೆಲಸ ಕಳೆದುಕೊಂಡವರಲ್ಲಿ ಕಾಣುವ ಇಳಿತಕ್ಕೆ ಹತ್ತಿರದ ಇಳಿತ ಅದು. ನಮ್ಮಲ್ಲಿ ಸಮೀಕ್ಷೆ ಶುರುವಾಗುವುದೇ ಪಡಿತರ ಚೀಟಿ, ಸಾಲ, ಪಿಂಚಣಿ, ಬೋರ್‌ವೆಲ್‌ನಿಂದ. ಇಪ್ಪತ್ತು ನಿಮಿಷ ಸಾಲದ ವಿಷಯ ಕೆದಕಿ ಆಮೇಲೆ ‘ಬದುಕು ತೃಪ್ತಿಯಾಗಿದೆಯಾ’ ಎಂದರೆ ಬರುವುದು ಸಾಲದ ಉತ್ತರ. ಹೆಸರು ವಯಸ್ಸು ಆದ ಕೂಡಲೇ ತೃಪ್ತಿ ಮತ್ತು ಸಾರ್ಥಕತೆಯ ಪ್ರಶ್ನೆ, ಮಿಕ್ಕಿದ್ದೆಲ್ಲ ಆಮೇಲೆ. ಮಳೆ ಬಿಸಿಲಿಗೂ ಉತ್ತರ ಬದಲಾಗುತ್ತದೆ ಎಂಬ 1983ರ ಪ್ರಯೋಗವೊಂದನ್ನು ಪಠ್ಯಗಳು ಈಗಲೂ ಎತ್ತಿ ಹೇಳುತ್ತವೆ. ಸುಮಾರು ಹತ್ತು ಲಕ್ಷ ಅಮೆರಿಕನ್ನರ ಉತ್ತರ ಇಟ್ಟುಕೊಂಡು 2013ರಲ್ಲಿ ನೋಡಿದಾಗ ಅಂಥ ನಂಬಲರ್ಹ ಪರಿಣಾಮ ಕಾಣಲಿಲ್ಲ. ಮೋಡದ ಚಿಂತೆ ಬಿಟ್ಟು ಸರದಿಯ ಚಿಂತೆ ಮಾಡುವುದು ಲೇಸು.

ಯಾರು ಕೇಳುತ್ತಾರೆ, ಪಕ್ಕದಲ್ಲಿ ಯಾರಿದ್ದಾರೆ ಎಂಬುದೂ ಅಷ್ಟೇ ಮುಖ್ಯ. ಟ್ಯಾಬ್ ಹಿಡಿದು ಬಂದವರು ಸರ್ಕಾರದವರು, ಚೆನ್ನಾಗಿದ್ದೇವೆ ಎಂದರೆ ಬಿಪಿಎಲ್ ಕಾರ್ಡೋ ಗೃಹಲಕ್ಷ್ಮಿಯ 2,000 ರೂಪಾಯಿಯೋ ಹೋಗುತ್ತದೆ ಎಂಬ ಅಂಜಿಕೆ ಇದ್ದೇ ಇರುತ್ತದೆ. ಅದೇ ಊರಿನ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕಳಿಸಿದರೆ ಅವರ ಮುಂದೆ ಮನೆಯ ಮಾನ ಕಾಯುವ ಉತ್ತರ ಬರುತ್ತದೆ. ಬೇರೆ ಹೋಬಳಿಯವರನ್ನು ಕಳಿಸಿ. ಹೆಂಗಸರನ್ನು ಹೆಂಗಸರೇ ಕೇಳಲಿ, ಅತ್ತೆಯೋ ಗಂಡನೋ ಕೇಳಿಸಿಕೊಳ್ಳದ ಕಡೆ. ಡೇರಿಗೆ ಹಾಲು ಹಾಕುವ ಬೆಳಗಿನ ಹೊತ್ತು, ಸಂಜೆ ಕರೆಯುವ ಹೊತ್ತು ಬಿಟ್ಟು ಹತ್ತೂವರೆಯಿಂದ ಹನ್ನೆರಡೂವರೆ ಒಳ್ಳೆಯ ಸಮಯ. ಆದರೆ ಆ ಹೊತ್ತಿಗೆ ಮಾತ್ರ ಹೋದರೆ ಮಾರಿಕುಪ್ಪಂ ರೈಲಿನಲ್ಲಿ ಓಡಾಡುವವರು, ನರಸಾಪುರ ಮತ್ತು ವೇಮಗಲ್ ಕಾರ್ಖಾನೆಗಳ ಪಾಳಿಯವರು ಒಬ್ಬರೂ ಸಿಗುವುದಿಲ್ಲ. ಜಿಲ್ಲೆಯ ದುಡಿಯುವ ಯುವಕರನ್ನು ಬಿಟ್ಟು ಜಿಲ್ಲೆಯ ತೃಪ್ತಿ ಅಳೆದಂತಾಯಿತು. ಆರಿಸಿದ ವ್ಯಕ್ತಿ ಸಿಗದಿದ್ದರೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ, ಅದರಲ್ಲಿ ಒಂದು ಭಾನುವಾರ, ಹೋಗಲೇಬೇಕು. ಪಕ್ಕದ ಮನೆಯವರನ್ನು ಕೇಳಿ ಲೆಕ್ಕ ಭರ್ತಿ ಮಾಡಬಾರದು.

ವ್ಯಕ್ತಿಯನ್ನು ಆರಿಸುವುದಕ್ಕೆ ಮತದಾರರ ಪಟ್ಟಿ ಇದೆ. ಜಿಲ್ಲೆಯ ಮತಗಟ್ಟೆಗಳಿಂದ 60ನ್ನು ಲಾಟರಿಯಲ್ಲಿ ತೆಗೆಯಿರಿ, ಹೆಚ್ಚು ಮತದಾರರಿರುವ ಮತಗಟ್ಟೆಗೆ ಅದೇ ಪ್ರಮಾಣದಲ್ಲಿ ಹೆಚ್ಚು ಅವಕಾಶ ಇರುವಂತೆ. ಪ್ರತಿಯೊಂದರಿಂದ 10 ಜನ. ಪಟ್ಟಿಯಲ್ಲಿ 1,000 ಹೆಸರಿದ್ದರೆ 1ರಿಂದ 100ರೊಳಗೆ ಒಂದು ಚೀಟಿ ಎತ್ತಿ, 37 ಬಂದರೆ 37, 137, 237 ಹೀಗೆ. ಒಟ್ಟು 600. ಹೊರರಾಜ್ಯದ ಗುತ್ತಿಗೆ ಕಾರ್ಮಿಕರು ಈ ಪಟ್ಟಿಯಲ್ಲಿ ಇರುವುದಿಲ್ಲ ಎಂಬುದನ್ನು ವರದಿಯಲ್ಲಿ ಹೇಳಿಬಿಡಬೇಕು. 15 ಲಕ್ಷ ಜನಕ್ಕೆ 600 ಸಾಕೇ ಎಂದು ಕೇಳುವವರಿಗೆ ಲೆಕ್ಕ ಹೀಗಿದೆ. 0–10ರ ಅಂಕದಲ್ಲಿ ಜನರ ನಡುವಿನ ಏರಿಳಿತ, ಅಂದರೆ ಪ್ರಮಾಣ ವಿಚಲನೆ, 2 ಎಂದು ಇಟ್ಟುಕೊಳ್ಳೋಣ. ಒಂದೇ ಊರಿನವರು ಒಬ್ಬರಿಗೊಬ್ಬರು ಹೋಲುವುದರಿಂದ ಮಾದರಿಯ, ಅಂದರೆ ಆರಿಸಿಕೊಂಡ ಜನರ, ಬೆಲೆ ಕೊಂಚ ತಗ್ಗುತ್ತದೆ. ಆ ಹೋಲಿಕೆ (0 ಎಂದರೆ ಸ್ವಲ್ಪವೂ ಇಲ್ಲ, 1 ಎಂದರೆ ಎಲ್ಲರದೂ ಒಂದೇ ಉತ್ತರ) 0.05 ಎಂದರೆ 600 ಜನರ ಮಾತಿಗೆ ಸುಮಾರು 414 ಜನರ ಬೆಲೆ. ಸರಾಸರಿ ನಿಜಕ್ಕಿಂತ 0.2ರಷ್ಟು ಹೆಚ್ಚೋ ಕಡಿಮೆಯೋ ಇರಬಹುದು. ಜಿಲ್ಲೆಗೆ ಇದು ಧಾರಾಳ. ಅದೇ 600 ಜನರನ್ನು ಅನುಕೂಲಕ್ಕೆಂದು ಆರೇ ಹಳ್ಳಿಯಲ್ಲಿ ನೂರು ನೂರರಂತೆ ಕೇಳಿದರೆ ಅವರ ಬೆಲೆ 100 ಜನರಷ್ಟಕ್ಕೆ ಇಳಿಯುತ್ತದೆ. ಹಾಗೆಯೇ, ವರ್ಷದಿಂದ ವರ್ಷಕ್ಕೆ 0.3ಕ್ಕಿಂತ ಕಡಿಮೆ ಏರಿಳಿತ ಸುದ್ದಿಯೇ ಅಲ್ಲ. ತಾಲ್ಲೂಕಿಗೆ ನೂರು ಜನ ಬಂದರೆ, ಎರಡು ತಾಲ್ಲೂಕುಗಳ ಅಂತರ 0.7 ದಾಟುವ ತನಕ ಯಾರು ಮುಂದೆ ಯಾರು ಹಿಂದೆ ಎನ್ನಲು ಬರುವುದಿಲ್ಲ. ಆರು ತಾಲ್ಲೂಕುಗಳಿಗೆ ಒಂದರಿಂದ ಆರು ರ‍್ಯಾಂಕ್ ಕೊಡುವ ಆಸೆಯನ್ನು ಇಲ್ಲೇ ಬಿಡಬೇಕು.

ಕಾಲದ ವಿಷಯ ಕೋಲಾರಕ್ಕೆ ವಿಶೇಷ. 2023ರ ಜುಲೈನಲ್ಲಿ ಇಲ್ಲಿನ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದ ದಿನಗಳಲ್ಲಿ ಕಿತ್ತ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿಯುವುದನ್ನೂ ಇದೇ ಜಿಲ್ಲೆ ನೋಡಿದೆ. ಒಂದು ಸಮೀಕ್ಷೆ ಅಂಥ ಜುಲೈನಲ್ಲಿ, ಮುಂದಿನದು ಸುರಿಯುವ ತಿಂಗಳಲ್ಲಿ ಆದರೆ ಅಳತೆಗೆ ಸಿಕ್ಕಿದ್ದು ಎಪಿಎಂಸಿ ಹರಾಜು. ಪರಿಹಾರ ಸುಲಭ: 60 ಮತಗಟ್ಟೆಗಳನ್ನು ವರ್ಷಕ್ಕೆ ಹರಡಿ. ತಿಂಗಳಿಗೆ ಐದು ಮತಗಟ್ಟೆ, 50 ಜನ. ಓಡಾಟವೂ ಸೇರಿ ಒಬ್ಬ ಸಮೀಕ್ಷಕರು ದಿನಕ್ಕೆ ಐದು ಜನರನ್ನು ಮುಗಿಸಬಹುದು. ಒಬ್ಬ ಗಂಡಸು ಒಬ್ಬ ಹೆಂಗಸು ಇದ್ದರೆ ತಿಂಗಳಿಗೆ ಐದು ದಿನದ ಕೆಲಸ. ದೊಡ್ಡ ಖರ್ಚೇನೂ ಅಲ್ಲ.

ಕಂಪ್ಯೂಟರಿಗೆ ಏರಿಸುವಾಗ ಆಗುವ ಒಂದು ಎಡವಟ್ಟನ್ನು ಹೇಳಲೇಬೇಕು. ಉತ್ತರ ಕೊಡದವರಿಗೆ 99 ಎಂದು ಬರೆಯುವ ರೂಢಿ ಇದೆ. ಸರಾಸರಿ ತೆಗೆಯುವ ಮುಂಚೆ ಅದನ್ನು ತೆಗೆಯಲು ಮರೆತರೆ? 600 ಜನರಲ್ಲಿ ಆರೇ ಆರು 99 ಉಳಿದಿದ್ದರೂ, ಮಿಕ್ಕವರ ಸರಾಸರಿ 5 ಇದ್ದಲ್ಲಿ ಅದು 5.94 ಆಗುತ್ತದೆ. ಜಿಲ್ಲೆ ಒಂದೇ ರಾತ್ರಿಯಲ್ಲಿ ಸುಖವಾಗಿಬಿಡುತ್ತದೆ. ಖಾಲಿ ಬಿಟ್ಟಿದ್ದನ್ನು 0 ಎಂದು ಓದಿಕೊಂಡರೆ ಇದರ ತದ್ವಿರುದ್ಧ. 10ಕ್ಕಿಂತ ಹೆಚ್ಚಿನ ಅಂಕಿ ಇದೆಯೇ, 0 ಕೊಟ್ಟವರು ಎಷ್ಟು ಎಂದು ಮೊದಲು ಪಟ್ಟಿ ತೆಗೆದು ನೋಡುವುದು ಎರಡು ನಿಮಿಷದ ಕೆಲಸ.

ಪ್ರಕಟಿಸುವಾಗ ಸರಾಸರಿಯೊಂದನ್ನೇ ಹಿಡಿದು ಕೂರಬಾರದು. ಒಂದು ಊರಿನಲ್ಲಿ ಎಲ್ಲರೂ 5, 6, 7 ಕೊಟ್ಟಿದ್ದಾರೆ. ಇನ್ನೊಂದರಲ್ಲಿ ಅರ್ಧ ಜನ 9, ಅರ್ಧ ಜನ 3. ಎರಡಕ್ಕೂ ಸರಾಸರಿ 6. ಎರಡನೇ ಊರಿನಲ್ಲಿ ಆಗಬೇಕಾದ ಕೆಲಸವೇ ಬೇರೆ. ಬ್ರಿಟನ್ನಿನವರು ಮಾಡುವಂತೆ 0–4, 5–6, 7–8, 9–10 ಎಂದು ನಾಲ್ಕು ಭಾಗ ಮಾಡಿ, 0–4ರಲ್ಲಿ ಇರುವವರು ಶೇಕಡಾ ಎಷ್ಟು, ಅವರು ಯಾರು, ಒಂಟಿ ವೃದ್ಧರೇ, ಜಮೀನಿಲ್ಲದವರೇ, ಕೆಲಸ ಸಿಗದ ಪದವೀಧರರೇ ಎಂದು ಬಿಡಿಸಿ ತೋರಿಸಿದರೆ ಜಿಲ್ಲಾ ಪಂಚಾಯಿತಿಗೂ ಉಪಯೋಗ.

ಇದನ್ನೆಲ್ಲ ಮಾಡಿಯೂ ಉಳಿಯುವ ಒಂದು ತೊಡಕಿದೆ. ಅಮರ್ತ್ಯ ಸೇನ್ ಎತ್ತಿ ತೋರಿಸಿದ ಉದಾಹರಣೆ: ಬಂಗಾಳದ ಬರಗಾಲದ ಮರುವರ್ಷ, 1944ರಲ್ಲಿ, ಕಲ್ಕತ್ತಾ ಬಳಿಯ ಸಿಂಗೂರಿನಲ್ಲಿ ಆರೋಗ್ಯ ಸಮೀಕ್ಷೆ ನಡೆಯಿತು. ಹೆಂಡತಿ ಸತ್ತ ಗಂಡಸರಲ್ಲಿ ಶೇ 48.5ರಷ್ಟು ಮಂದಿ ಆರೋಗ್ಯ ಸರಿಯಿಲ್ಲ ಅಥವಾ ಅಷ್ಟಕ್ಕಷ್ಟೇ ಎಂದರು. ವಿಧವೆಯರಲ್ಲಿ ಹಾಗೆಂದವರು ಶೇ 2.5. ಆ ಹೆಂಗಸರ ಸ್ಥಿತಿ ಚೆನ್ನಾಗಿತ್ತು ಎಂದಲ್ಲ. ತಮಗಾಗಿ ಏನನ್ನಾದರೂ ಕೇಳುವುದನ್ನೇ ಅವರು ಬಿಟ್ಟಿದ್ದರು. ಕೋಲಾರದ ಎಷ್ಟೋ ಊರುಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಹಲ್ಲು ಕಂದಾಗುವುದು, ಮೊಣಕಾಲು ಹಿಡಿಯುವುದು ಅಲ್ಲಿ ದಿನನಿತ್ಯದ ಮಾತಾಗಿರುವುದರಿಂದ ತೃಪ್ತಿಯ ಅಂಕದಲ್ಲಿ ಅದು ಕಾಣಿಸದೇ ಹೋಗಬಹುದು. ಹಾಗಾಗಿ ಅಂಕದ ಪಕ್ಕದಲ್ಲೇ ನೀರಿನ ಪರೀಕ್ಷೆ, ಆಸ್ಪತ್ರೆಯ ದೂರ, ಶಾಲೆ ಬಿಟ್ಟ ಮಕ್ಕಳ ಸಂಖ್ಯೆ ಇರಬೇಕು. ಭೂತಾನ್ ತನ್ನ ರಾಷ್ಟ್ರೀಯ ಸಂತೋಷ ಸೂಚ್ಯಂಕದಲ್ಲಿ 9 ಕ್ಷೇತ್ರಗಳ 33 ಸೂಚಕಗಳನ್ನು ಇಟ್ಟುಕೊಂಡಿರುವುದಕ್ಕೆ ಇಂಥ ಕಾರಣವಿದೆ. ‘ನಮ್ಮ ಹಳ್ಳಿಯವರಿಗೆ ಬದುಕಿನ ಅರ್ಥ ಗೊತ್ತು, ದುಡ್ಡಿನವರಿಗಿಂತ ಅವರೇ ವಾಸಿ’ ಎಂದು ವೇದಿಕೆ ಮೇಲೆ ಹೊಗಳಿ ನಲ್ಲಿ ಕೆಲಸವನ್ನು ಮುಂದಕ್ಕೆ ಹಾಕುವವರ ಕೈಗೆ ಈ ಅಂಕ ಸಿಗಬಾರದು.

ಇನ್ನೊಂದು: ತೃಪ್ತಿಗೆ 35ರಲ್ಲಿ 6 ಬಂದವರ ಮನೆಯಿಂದ ‘ಥ್ಯಾಂಕ್ಸ್ ಅಣ್ಣ’ ಎಂದು ಎದ್ದು ಬರುವಂತಿಲ್ಲ. ಈ ಮಾಪಕಗಳು ಖಿನ್ನತೆಯ ಪರೀಕ್ಷೆಗಳಲ್ಲ, ಆದರೆ ಇಷ್ಟು ಕಡಿಮೆ ಅಂಕ ಎಚ್ಚರಿಕೆಯ ಗಂಟೆ. ಸಮೀಕ್ಷಕರ ಬಳಿ 14416, ಅಂದರೆ ಟೆಲಿ-ಮಾನಸ್ ಸಹಾಯವಾಣಿಯ ಚೀಟಿ ಇರಬೇಕು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಮೊದಲೇ ಹೇಳಿಟ್ಟಿರಬೇಕು. ಆಧಾರ್ ಸಂಖ್ಯೆ ಕೇಳಲೇಬಾರದು. ಹೆಸರಿನ ಹಾಳೆ ಬೇರೆ, ಉತ್ತರದ ಹಾಳೆ ಬೇರೆ ಇಡಬೇಕು.

ಕೊನೆಗೆ ತಮ್ಮ ಪತ್ರಿಕೆಗೆ ಒಂದು ಕೋರಿಕೆ. ಯಾರೇ ಜಿಲ್ಲೆಯ ಸಂತೋಷ ಸೂಚ್ಯಂಕ ಎಂದು ಪ್ರಕಟಣೆ ಕಳಿಸಿದರೂ, ಎಷ್ಟು ಜನ, ಅವರನ್ನು ಹೇಗೆ ಆರಿಸಿದರು, ಯಾವ ತಿಂಗಳು, ಯಾವ ಭಾಷೆಗಳಲ್ಲಿ, ಪ್ರಶ್ನೆ ಅಕ್ಷರಶಃ ಏನಿತ್ತು, ಹೆಚ್ಚುಕಡಿಮೆ ಎಷ್ಟು ಎಂದು ಕೇಳಿ ಪಡೆದು, ಸುದ್ದಿಯ ಕೆಳಗೆ ಸಣ್ಣ ಅಕ್ಷರದಲ್ಲಾದರೂ ಹಾಕಿ. ಉತ್ತರ ಕೊಡದವರ ಪ್ರಕಟಣೆಯನ್ನು ಹಾಕದಿದ್ದರೆ ಓದುಗರಿಗೇನೂ ನಷ್ಟವಿಲ್ಲ.

ಇಂತಿ,
ಸಮೀಕ್ಷೆಯ ಕೆಲಸ ಬಲ್ಲ ಓದುಗರು, ಕೋಲಾರ